ಎರಡು ಗುಂಡಿನ ಲರ್ಲೀನ್

ಆಲ್ಬರ್ಟ್ ಟೌನ್, ಜಮೈಕಾ
11 ಆಗಸ್ಟ್ 1991

ಕಾರ್ಮಿ,

ನನ್ನ ಅಕ್ಷರದ ಗುರುತು ಸಿಕ್ಕಿತೇ? ಸಿಗದಿದ್ದರೆ ಇನ್ನೊಂದು ಗುರುತು ಹೇಳುತ್ತೇನೆ. ಕಿಂಗ್ಸ್‌ಟನ್ನಿನ ಆಯ್ಕೆ ಓಟದಲ್ಲಿ ನಿನ್ನ ಪಕ್ಕದ ಸಾಲಿನಲ್ಲಿದ್ದವಳು, ನಿನಗಿಂತ ಮೊದಲು ಗೆರೆ ಮುಟ್ಟಿದವಳು. ಹತ್ತೊಂಬತ್ತು ವರ್ಷವಾಯಿತು, ಆದರೂ ಊರಿನವರು ನನ್ನನ್ನು ಕರೆಯುವುದು ‘ಎರಡು ಗುಂಡಿನ ಲರ್ಲೀನ್’ ಎಂದೇ. ಓಟ ಶುರುಮಾಡುವ ಮೊದಲನೇ ಗುಂಡಿಗೆ ಮುಂಚೆಯೇ ನಾನು ಬೇಕೆಂದು ಹಾರಿ, ಎಲ್ಲರನ್ನೂ ವಾಪಸು ಕರೆಸಿ, ಮತ್ತೆ ಸಾಲಿಗೆ ನಿಂತಾಗ ನೀವೆಲ್ಲ ಹೆದರಿ ಕಾಲೂರುವ ಬ್ಲಾಕಿಗೆ ಕಚ್ಚಿಕೊಂಡಿದ್ದಿರಿ. ಎರಡನೇ ಗುಂಡಿಗೆ ಹೊರಟವಳು ನಾನೊಬ್ಬಳೇ. ಪಕ್ಕದ ಮನೆಯ ಮಿಸ್ ಪ್ಯಾನ್ಸಿ ಈ ಕಥೆಯನ್ನು ನನ್ನ ಹೋಟೆಲಿಗೆ ಬರುವ ಹೊಸಬರಿಗೆಲ್ಲ ಹೇಳುತ್ತಾಳೆ. ಹೇಳಿದ್ದಕ್ಕೆ ಒಂದು ಬಟ್ಟಲು ಸೂಪು ಪುಕ್ಕಟೆ ಕುಡಿಯುತ್ತಾಳೆ.

ಸಿಟ್ಟು ಮಾಡಿಕೊಳ್ಳಬೇಡ. ಆಮೇಲೆ ನೀನು ಎರಡು ಒಲಿಂಪಿಕ್ಸ್ ಓಡಿದೆ. ನಾನು ಒಂದಕ್ಕೆ ಹೋಗಿ ಮೊದಲನೇ ಸುತ್ತಿನಲ್ಲೇ ಸೋತು ಮನೆಗೆ ಬಂದೆ. ಮರುವರ್ಷ ಶೆರ್ನೆಟ್ ಹುಟ್ಟಿದಳು, ಅಲ್ಲಿಗೆ ನನ್ನ ಓಟ ಮುಗಿಯಿತು.

ಈಗ ನೀನು ಓಟ ಕಲಿಸುವ ಟೆಕ್ಸಸ್ಸಿನ ಕಾಲೇಜಿಗೆ ಬರುತ್ತಿರುವುದು ಅವಳೇ. ಮಾರ್ಚಿನಲ್ಲಿ ಶಾಲೆಗಳ ಓಟ ನೋಡಲು ಬಂದು, ಯಾರ ಮಗಳು ಎಂದೂ ಕೇಳದೆ ನೀನು ಆರಿಸಿದ ಹುಡುಗಿ ನನ್ನ ಮಗಳು. ನನಗೆ ಎಷ್ಟು ನಗು ಬಂತು ಗೊತ್ತೇ?

ಹುಡುಗಿಗೆ ಮಾತು ಕಡಿಮೆ. ಬಸ್ಸಿನಲ್ಲಿ ಪುಸ್ತಕ ಓದುತ್ತ ಇಳಿಯುವ ಊರು ದಾಟಿ ಹೋಗುತ್ತಾಳೆ. ಹೊರಡುವಾಗ ಸ್ವಲ್ಪ ರಗಳೆ ಮಾಡಿದಳು, ಅದು ದೊಡ್ಡ ವಿಷಯವಲ್ಲ. ನಾಲ್ಕು ವರ್ಷ ಓಡಿಸಿ ಪದವಿ ಕೊಡಿಸಿ ಕಳಿಸು. ಓಡದಿದ್ದರೆ ಸ್ಕಾಲರ್‌ಶಿಪ್ ಇಲ್ಲ, ಅದಿಲ್ಲದಿದ್ದರೆ ಕಾಲೇಜಿಲ್ಲ, ವಾಪಸು ಬಂದು ನನ್ನ ಜೊತೆ ಒಲೆಯ ಮುಂದೆ ನಿಲ್ಲಬೇಕು. ಇದನ್ನು ಅವಳಿಗೆ ದಿನಾ ನೆನಪಿಸು. ನಿನ್ನ ಕೈಗೆ ಒಪ್ಪಿಸಿದ್ದೇನೆ. ಬಗ್ಗಿಸು, ಮಣಿಸು, ಯಾಕೆಂದು ಕೇಳುವುದಿಲ್ಲ.

ಅವಳ ಪೆಟ್ಟಿಗೆಯಲ್ಲಿ ನಿನಗೆ ಬ್ಯಾಮಿ ರೊಟ್ಟಿ ಇಟ್ಟಿದ್ದೇನೆ. ತಂಡದ ಅಂಗಿಯಲ್ಲಿ ಅವಳದೊಂದು ಫೋಟೋ ತೆಗೆಸಿ ಕಳಿಸು. ಹೋಟೆಲಿನ ಗೋಡೆಯ ಮೇಲೆ ನನ್ನ ಫೋಟೋದ ಪಕ್ಕದಲ್ಲಿ ಈಗಾಗಲೇ ಮೊಳೆ ಹೊಡೆದಿದ್ದೇನೆ.

ನಿನ್ನ ಹಳೆಯ ಜೊತೆಗಾತಿ
ಲರ್ಲೀನ್


ಟೆಕ್ಸಸ್
29 ಸೆಪ್ಟೆಂಬರ್ 1991

ಲರ್ಲೀನ್,

ಬ್ಯಾಮಿ ಬಂತು. ಇನ್ನು ಕಳಿಸಬೇಡ.

ವಿಮಾನ ನಿಲ್ದಾಣದಲ್ಲಿ ನಿನ್ನ ಮಗಳು ನನ್ನನ್ನು “ಕಾರ್ಮಿ ಆಂಟಿ” ಎಂದು ಕರೆದಳು. “ಕೋಚ್ ಅನ್ನು. ನಿಮ್ಮಮ್ಮಂಗೆ ತಂಗಿ ಇಲ್ಲ” ಎಂದೆ. ಮತ್ತೆ ಹಾಗೆ ಕರೆದಿಲ್ಲ.

ಇಲ್ಲಿ ಸ್ಕಾಲರ್‌ಶಿಪ್ ನಾಲ್ಕು ವರ್ಷಕ್ಕಲ್ಲ, ವರ್ಷ ವರ್ಷಕ್ಕೆ. ಮೇ ತಿಂಗಳಲ್ಲಿ ಈ ಭಾಗದ ಕಾಲೇಜುಗಳೆಲ್ಲ ಸೇರುವ ಓಟ ಇರುತ್ತದೆ. ಅದರಲ್ಲಿ ಫೈನಲ್ ತಲುಪಿದವರನ್ನು ಉಳಿಸಿಕೊಳ್ಳುತ್ತೇನೆ. ಮಿಕ್ಕವರ ಜಾಗಕ್ಕೆ ಬೇರೆ ಹುಡುಗಿಯರು ಬರುತ್ತಾರೆ. ಹೋಗುವವರ ತಾಯಂದಿರು ಕಾಗದ ಬರೆಯುತ್ತಾರೆ. ನಾನು ಓದುವುದಿಲ್ಲ.

ನನ್ನದೊಂದು ಪದ್ಧತಿಯಿದೆ. ಅಭ್ಯಾಸದ ಕೊನೆಗೆ ನಾನೇ ಬ್ಲಾಕಿಗೆ ಇಳಿದು ಒಬ್ಬೊಬ್ಬ ಹುಡುಗಿಯ ಜೊತೆಗೂ ಮೂವತ್ತು ಮೀಟರ್ ಓಡುತ್ತೇನೆ. ನಲವತ್ತರ ಹೆಂಗಸಿನ ಎದುರು ಸೋತವಳು ಉದ್ದಜಿಗಿತದ ಗುಂಡಿಯ ಮರಳನ್ನು ಎಳೆದು ಸಮ ಮಾಡಿಟ್ಟು ಮನೆಗೆ ಹೋಗಬೇಕು. ಈ ತಿಂಗಳಿಡೀ ಆ ಕೆಲಸ ನಿನ್ನ ಮಗಳದು. ನಮ್ಮ ಮರಳು ಇಷ್ಟು ಅಚ್ಚುಕಟ್ಟಾಗಿ ಎಂದೂ ಇರಲಿಲ್ಲ.

ಬ್ಲಾಕಿನಲ್ಲಿ ಅವಳು ಚರ್ಚಿನ ಬೆಂಚಿನ ಮೇಲೆ ಕೂತ ಹಾಗೆ ಕೂರುತ್ತಾಳೆ. ಗುಂಡು ಹಾರಿದರೆ ಯಾರೋ ತನ್ನ ಹೆಸರು ಕರೆದರೇನೋ ಎಂಬಂತೆ ತಲೆ ಎತ್ತುತ್ತಾಳೆ. ನಿಮ್ಮೂರಿನ ಬೆಳೆ ಏನೆಂದು ಕೇಳಿ ತಿಳಿದು ತಂಡದವರು ಅವಳಿಗೆ ‘ಗೆಣಸು’ ಎಂದು ಹೆಸರಿಟ್ಟಿದ್ದಾರೆ. “ಮಣ್ಣಿಂದ ಏಳೋಕೇ ಒಂಬತ್ತು ತಿಂಗ್ಳು ಬೇಕು ಕೋಚ್ ಇವ್ಳಿಗೆ” ಎಂದಳು ಒಬ್ಬಳು. ನಾನು ನಕ್ಕೆ. ಶೆರ್ನೆಟ್ ಕೂಡ ನಕ್ಕಳು, ತುಟಿ ಬಿಚ್ಚದೆ. ಅವಳ ಹಲ್ಲು ಹೇಗಿವೆ ಎಂದು ನನಗಿನ್ನೂ ಗೊತ್ತಿಲ್ಲ.

ಫೋಟೋ ತೆಗೆಸುವುದು ಫೈನಲ್ ತಲುಪಿದವರದ್ದು.

ಸಿ. ಟಲಕ್


ಆಲ್ಬರ್ಟ್ ಟೌನ್
15 ಡಿಸೆಂಬರ್ 1991

ಕಾರ್ಮಿ,

ನಿನ್ನ ಕಾಗದವನ್ನು ಹೋಟೆಲಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನೀನು ಬರೆದಂತೆ ಅಲ್ಲ, ಅವರು ಕೇಳಬೇಕಾದಂತೆ. “ಮರಳುಗುಂಡಿಯ ಉಸ್ತುವಾರಿಯನ್ನು ಕೋಚು ನಮ್ಮ ಶೆರ್ನೆಟ್‌ಗೇ ಒಪ್ಪಿಸಿದ್ದಾಳೆ” ಎಂದು ಓದಿದೆ. ಪಾದ್ರಿಗಳು ತಲೆದೂಗಿದರು. ಮಿಸ್ ಪ್ಯಾನ್ಸಿ ಮಾತ್ರ, “ಓಡೋಕೆ ಕಳ್ಸಿದ್ಯೋ, ಅಂಗಳ ಗುಡ್ಸೋಕೆ ಕಳ್ಸಿದ್ಯೋ ಲರ್ಲೀನಾ?” ಎಂದಳು. ಅವತ್ತು ಅವಳಿಗೆ ಸೂಪು ಕೊಡಲಿಲ್ಲ.

ನಿನ್ನ ಉಪಾಯ ನನಗೆ ಅರ್ಥವಾಗಿದೆ. ಅವಳನ್ನು ಕೆಣಕಿ ಸಿಟ್ಟು ಬರಿಸುತ್ತಿದ್ದೀಯ. ಒಳ್ಳೆಯದೇ. ನನಗೂ ಸಿಟ್ಟು ಬಂದಾಗಲೇ ಕಾಲಿಗೆ ವೇಗ ಬರುತ್ತಿದ್ದುದು. ಇನ್ನೂ ಬಿಗಿ ಮಾಡು. ಗೆಣಸು ಎನ್ನುವವರು ಎನ್ನಲಿ.

ಆದರೆ ಒಂದು ಮಾತು ತಿಳಿಯುತ್ತಿಲ್ಲ. ಈ ಸುತ್ತಮುತ್ತ ಅವಳ ಬೆನ್ನು ನೋಡದ ಹುಡುಗಿಯಿಲ್ಲ. ಅದನ್ನು ನೀನೂ ಕಣ್ಣಾರೆ ಕಂಡು ಆರಿಸಿದೆ. ಅಲ್ಲಿಗೆ ಬಂದ ಮೇಲೆ ಏನಾಯಿತು? ಊಟ ಸರಿಯಿಲ್ಲವೇ? ಅವಳ ಕಾಗದಗಳಲ್ಲಿ ಗೋಳಿಲ್ಲ, ಓಟವೂ ಇಲ್ಲ. “ಇಲ್ಲಿನ ಪುಸ್ತಕಾಲಯದ ಕಿಟಕಿ ನಮ್ಮ ಹೋಟೆಲಿಗಿಂತ ದೊಡ್ಡದಿದೆ ಅಮ್ಮಾ” ಎಂದು ಬರೆಯುತ್ತಾಳೆ. ಕಿಟಕಿಯನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಕ್ರಿಸ್‌ಮಸ್ಸಿಗೆ ಕೇಕು ಕಳಿಸಿದ್ದೇನೆ. ನೀನು ಬೇಡವೆಂದಿದ್ದು ಬ್ಯಾಮಿಯನ್ನು ಮಾತ್ರ.

ಲರ್ಲೀನ್


ಟೆಕ್ಸಸ್
23 ಫೆಬ್ರವರಿ 1992

ಲರ್ಲೀನ್,

ಕಳೆದ ವಾರ ಇಂಗ್ಲಿಷ್ ಪಾಠ ಮಾಡುವ ಮಿಸೆಸ್ ಹಾಲ್ಕಮ್ ನನ್ನ ಕೋಣೆಗೆ ಬಂದಳು. ಮುದುಕಿ, ಮೈದಾನದ ಕಡೆ ಒಮ್ಮೆಯೂ ಕಾಲಿಟ್ಟವಳಲ್ಲ.

“ಆ ಹುಡುಗಿ ಬರೆಯೋದನ್ನ ನೀನು ಓದಿದೀಯಾ?” ಎಂದು ಕೇಳಿದಳು.

“ನಾನು ಓದೋದು ಸ್ಟಾಪ್‌ವಾಚ್ ಮಾತ್ರ” ಎಂದೆ.

ಅವಳ ವಿಭಾಗದಲ್ಲಿ ಒಬ್ಬ ವಿದ್ಯಾರ್ಥಿನಿಗೆ ಜಾಗವಿದೆಯಂತೆ. ನಾಲ್ಕು ವರ್ಷ ಓದು, ಹಾಸ್ಟೆಲ್, ಊಟ ಎಲ್ಲ ಅವರದೇ. ಆದರೆ ಮಾರ್ಚ್ ಮುಗಿಯುವ ಮುಂಚೆ ಓಟದ ತಂಡ ಬಿಟ್ಟು ಬರಬೇಕು. ಎರಡು ಕಡೆ ಊಟ ಮಾಡುವಂತಿಲ್ಲ.

ನಿನ್ನ ಮಗಳನ್ನು ಕರೆಸಿ ಕೇಳಿದೆ. “ಅಮ್ಮ ಒಪ್ಪಿದ್ರೆ” ಎಂದಳು. ಹಾಗಾದರೆ ನೀನೇ ಬರೆ ಎಂದೆ. “ನೀವೇ ಬರೀರಿ ಕೋಚ್. ನಾನು ಬರೆದ್ರೆ ಅಮ್ಮ ಕೊನೇ ಸಾಲಿನ ತನಕ ಓದಲ್ಲ.”

ಬರೆದಿದ್ದೇನೆ. ನನ್ನ ಅಭಿಪ್ರಾಯವನ್ನು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಿನ್ನ ಮಗಳು ಸೋಮಾರಿಯಲ್ಲ. ನಿಧಾನ, ಅಷ್ಟೆ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ಮಾತ್ರಕ್ಕೆ ಕಾಲು ಬರುವುದಿಲ್ಲ. ನಿನಗಾದರೂ ಕಾಲು ಎಷ್ಟಿತ್ತು? ಇದ್ದದ್ದು ಒಂದು ತಂತ್ರ.

ಸಿ. ಟಲಕ್


ಆಲ್ಬರ್ಟ್ ಟೌನ್
14 ಮಾರ್ಚ್ 1992

ಕಾರ್ಮೀಟಾ ಟಲಕ್,

ಕೊನೆಗೂ ಹೊರಗೆ ಬಂತು ನೋಡು. ಇಷ್ಟು ವರ್ಷ ಎರಡು ಒಲಿಂಪಿಕ್ಸಿನ ಕೆಳಗೆ ಮುಚ್ಚಿಟ್ಟಿದ್ದ ಹೊಟ್ಟೆಕಿಚ್ಚು. ನನ್ನನ್ನು ಸೋಲಿಸಲಾಗಲಿಲ್ಲ, ಅದಕ್ಕೆ ನನ್ನ ಮಗಳನ್ನು ಓಟದಿಂದಲೇ ಎತ್ತಿ ಒಬ್ಬ ಮುದುಕಿಯ ಮಡಿಲಿಗೆ ಹಾಕಲು ಹೊರಟಿದ್ದೀಯ. ‘ಎರಡು ಗುಂಡಿನ ಲರ್ಲೀನಳ ಮಗಳು ಓಡಲಾರದೆ ಕಥೆಪುಸ್ತಕ ಓದುತ್ತಾಳೆ’ ಎಂದು ಕಿಂಗ್ಸ್‌ಟನ್ನಿನಲ್ಲಿ ಎಷ್ಟು ಜನರಿಗೆ ಹೇಳಿ ನಗುತ್ತೀಯೋ.

ಆಗುವುದಿಲ್ಲ. ಆ ಹೆಂಗಸಿಗೆ ಹೇಳು, ಕಥೆ ಓದಲು ನಮ್ಮ ಊರಿನಲ್ಲೂ ದೀಪವಿದೆ. ಆಗಸ್ಟಿನಲ್ಲಿ ಶೆರ್ನೆಟ್ ಇದೇ ಹಟ ಹಿಡಿದಿದ್ದಳು. ಟೀಚರ್ ತರಬೇತಿಗೆ ಸೇರುತ್ತೇನೆ, ಓಡುವುದಿಲ್ಲ ಎಂದು ಮೂರು ದಿನ ಊಟ ಬಿಟ್ಟಿದ್ದಳು. ಅವಳ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ನಾಲ್ಕನೇ ದಿನ ಉಂಡಳು, ವಿಮಾನ ಹತ್ತಿದಳು. ನನ್ನ ಮಗಳ ಕಾಲು ಎಂಥದ್ದೆಂದು ನನಗೆ ಗೊತ್ತು.

ಅವಳಿಗೆ ನಾನೇ ಬೇರೆಯಾಗಿ ಬರೆದಿದ್ದೇನೆ. ಮೇ ತಿಂಗಳ ಓಟದಲ್ಲಿ ಏನು ಮಾಡಬೇಕೆಂದು ಹೇಳಿದ್ದೇನೆ. ಏನೆಂದು ನಿನಗೆ ಹೇಳುವುದಿಲ್ಲ. ಕಣ್ಣಾರೆ ನೋಡು. ನೋಡಿದ ತಕ್ಷಣ ನಿನಗೆ ನೆನಪಾಗುತ್ತದೆ.

ಲರ್ಲೀನ್ ಗೇಲ್


ಟೆಕ್ಸಸ್
18 ಮೇ 1992

ಲರ್ಲೀನ್,

ನೋಡಿದೆ. ನೆನಪಾಯಿತು.

ಶನಿವಾರ, ಮೊದಲನೇ ಸುತ್ತು, ಅವಳಿಗೆ ನಾಲ್ಕನೇ ಸಾಲು. ಎಲ್ಲರೂ ಸೊಂಟ ಎತ್ತಿ ಗುಂಡಿಗಾಗಿ ಕಾದಿದ್ದರು. ಗುಂಡಿಗೆ ಮುಂಚೆಯೇ ನಿನ್ನ ಮಗಳು ಹಾರಿದಳು. ಜಾರಿದ್ದಲ್ಲ, ಅವಸರವೂ ಅಲ್ಲ. ಮೊದಲು ಎಡ ಭುಜ ಕೆಳಗೆ ಬಿತ್ತು, ಆಮೇಲೆ ಕಾಲು ಹೊರಟಿತು. ನಿನ್ನದೂ ಹಾಗೆಯೇ.

ಲರ್ಲೀನ್, ನಮ್ಮ ಜಮೈಕಾದಲ್ಲಿ ಗುಂಡಿಗೆ ಮುಂಚೆ ಹಾರಿದವರಿಗೆ ಒಂದು ಸಲ ಮಾಫಿ ಇದೆ. ಒಲಿಂಪಿಕ್ಸಿನಲ್ಲೂ ಇದೆ. ಅಮೆರಿಕದ ಕಾಲೇಜು ಓಟಗಳಲ್ಲಿ ಇಲ್ಲ. ಒಮ್ಮೆ ಹಾರಿದರೆ ಹೊರಗೆ. ಇಲ್ಲಿ ಯಾರಿಗೂ ಎರಡನೇ ಗುಂಡಿಲ್ಲ.

ನಿನಗೆ ಇದು ಗೊತ್ತಿರಲಿಲ್ಲ. ಕೇಳಬೇಕೆಂದೂ ನಿನಗೆ ಅನ್ನಿಸಲಿಲ್ಲ.

ಕೆಂಪು ಬಾವುಟದವನು ಅವಳ ಮುಂದೆ ಬಂದು ನಿಂತ. ಅವಳು ಹೊರಗೆ ನಡೆದಳು. ಮಿಕ್ಕವರು ಓಡಿದರು.

ಸ್ಕಾಲರ್‌ಶಿಪ್ ನಿಂತಿದೆ. ಮಿಸೆಸ್ ಹಾಲ್ಕಮ್‌ಳ ಜಾಗ ಏಪ್ರಿಲಿನಲ್ಲೇ ಬೇರೊಬ್ಬಳಿಗೆ ಹೋಯಿತು. ಹಾಸ್ಟೆಲ್ ಈ ತಿಂಗಳ ಕೊನೆಯವರೆಗೆ. ಮೂವತ್ತನೇ ತಾರೀಖಿನ ವಿಮಾನಕ್ಕೆ ಮಾಂಟೆಗೋ ಬೇ ತನಕ ಟಿಕೆಟ್ ಕೊಟ್ಟಿದ್ದೇವೆ. ಕರೆದುಕೊಂಡು ಹೋಗಲು ಯಾರಾದರೂ ಬರಲಿ.

ಅವಳ ಓಟ ಮುಗಿಸಿದ್ದು ನಾನಲ್ಲ. ಇಷ್ಟು ವರ್ಷ ನೀನು ಸೂಪಿನ ಜೊತೆ ಬಡಿಸಿದ ಆ ಕಥೆ.

ಸಿ. ಟಲಕ್


ಆಲ್ಬರ್ಟ್ ಟೌನ್
7 ಜೂನ್ 1992

ಕಾರ್ಮಿ,

ನನ್ನ ಕೈಯಾರೆ ಬರೆದೆ. ‘ಮೊದಲನೇ ಗುಂಡಿಗೆ ಮುಂಚೆ ಹಾರು, ಎಲ್ಲರ ಎದೆ ನಡುಗುತ್ತದೆ, ಎರಡನೆಯದಕ್ಕೆ ನೀನೊಬ್ಬಳೇ ಹೊರಡುತ್ತೀಯ’ ಎಂದು ಬರೆದೆ. ಇಲ್ಲಿ ಪ್ರೈಮರಿ ಶಾಲೆಯ ಮಕ್ಕಳಿಗೂ ಒಂದು ಸಲ ಬಿಡುತ್ತಾರೆ. ಬಿಡದ ಊರು ಲೋಕದಲ್ಲಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಮಿಸ್ ಪ್ಯಾನ್ಸಿಯ ಅಳಿಯನ ವ್ಯಾನಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋದೆ. ದಾರಿಯುದ್ದಕ್ಕೂ ಅವಳಿಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಎಲ್ಲರೂ ಹೊರಗೆ ಬಂದರು. ಗಾಲಿಕುರ್ಚಿಯ ಮುದುಕನೂ ಬಂದ, ವಿಮಾನದ ಹುಡುಗಿಯರೂ ಪೆಟ್ಟಿಗೆ ಎಳೆದುಕೊಂಡು ಬಂದರು. ಅವಳು ಬರಲಿಲ್ಲ. “ಇನ್ನೊಂದು ವಿಮಾನ ನೋಡೋಣ ಕಣೇ” ಎಂದಳು ಜೊತೆಗೆ ಬಂದಿದ್ದ ಪ್ಯಾನ್ಸಿ. ಅದನ್ನೂ ನೋಡಿದೆವು.

ಅವಳು ನಿನ್ನ ಹತ್ತಿರ ಇದ್ದಾಳೆಯೇ? ಇದ್ದರೆ ಹೇಳು, ಅಮ್ಮ ಬೈಯುವುದಿಲ್ಲ. ಒಲೆಯ ಮುಂದೆ ನಿಲ್ಲಿಸುವುದಿಲ್ಲ. ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ. ಅಮ್ಮನಿಗೆ ರೂಲು ಗೊತ್ತಿರಲಿಲ್ಲ, ಗೊತ್ತಿಲ್ಲದೆ ಮಗಳ ಓಟ ಕೆಡಿಸಿದಳು ಎಂದು ಹೇಳು. ನಿನಗೆ ಮಾರ್ಚಿನಲ್ಲಿ ಬರೆದದ್ದನ್ನೆಲ್ಲ ಮರೆತುಬಿಡು. ನೀನು ಒಳ್ಳೆಯದನ್ನೇ ಬಯಸಿದ್ದೆ, ನನಗೇ ಕಣ್ಣಿರಲಿಲ್ಲ.

ಕಾರ್ಮಿ, ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ. ಒಂದು ಸಾಲು ಬರೆ.

ನಿನ್ನ ಲರ್ಲೀನ್


ಆಲ್ಬರ್ಟ್ ಟೌನ್
28 ಜೂನ್ 1992

ಕಾರ್ಮಿ,

ಮೂರು ವಾರವಾಯಿತು. ತಾಯಂದಿರ ಕಾಗದ ಓದುವುದಿಲ್ಲ ಎಂದು ನೀನು ಬರೆದಿದ್ದೆ. ಈಗ ನೆನಪಾಯಿತು.

ಲ.


ಆಲ್ಬರ್ಟ್ ಟೌನ್
20 ಜುಲೈ 1992

ಕಾರ್ಮೀಟಾ,

ಇದನ್ನು ಓದುತ್ತೀಯ. ಲಕೋಟೆಯ ಮೇಲೆ ಕಳಿಸಿದವರ ಹೆಸರಿನ ಜಾಗದಲ್ಲಿ ಶೆರ್ನೆಟ್ ಎಂದು ಬರೆದಿದ್ದೇನೆ.

ನಿನ್ನೆ ಚರ್ಚಿನಿಂದ ಬರುವ ಹೊತ್ತಿಗೆ ಪ್ಯಾನ್ಸಿಯ ಮನೆಗೆ ಅವಳ ಫೋನು ಬಂತು. ನಾನು ಬಾಯಿಪಾಠ ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. “ನಂಗೆ ಆ ರೂಲ್ ಗೊತ್ತಿರ್ಲಿಲ್ಲ ಮಗಳೇ” ಎಂದೆ.

“ನಂಗೊತ್ತಿತ್ತು ಅಮ್ಮಾ.”

“ಗೊತ್ತಿತ್ತಾ? ಮತ್ಯಾಕೆ ಹಾರ್ದೆ?”

“ನೀನು ಹಾರು ಅಂದ್ಯಲ್ಲ.”

ಹಾಗೆಂದು ನಕ್ಕಳು. ಹದಿನೆಂಟು ವರ್ಷ ಸಾಕಿದ್ದೇನೆ, ಆ ನಗುವನ್ನು ಕೇಳಿರಲಿಲ್ಲ.

ಆಮೇಲೆ ನಿನ್ನ ವಿಷಯ ಹೇಳಿದಳು. ಓಟದ ದಿನ ಬೆಳಿಗ್ಗೆ ನನ್ನ ಕಾಗದವನ್ನು ತಂದು ನಿನ್ನ ಕೈಗೆ ಕೊಟ್ಟಳಂತೆ. ನೀನು ಎರಡು ಸಲ ಓದಿದೆಯಂತೆ. ಮಡಿಸಿ ವಾಪಸು ಕೊಟ್ಟು, “ಹೆತ್ತ ತಾಯಿ ಮಾತು ಕೇಳ್ಬೇಕು” ಎಂದೆಯಂತೆ. “ಬೇಡ ಅಂತ ಒಂದು ಮಾತು ಅಂದಿದ್ರೆ ಓಡ್ತಿದ್ದೆ ಅಮ್ಮಾ. ನಿಮ್ಮಿಬ್ರಲ್ಲಿ ಯಾರಾದ್ರೂ ಒಬ್ರು ಅಂದಿದ್ರೆ ಸಾಕಿತ್ತು” ಎಂದಳು. ಎಲ್ಲಿದ್ದೀಯ ಎಂದು ಕೇಳಿದೆ. “ಇಲ್ಲೂ ಕಿಟಕಿ ದೊಡ್ಡದಿದೆ” ಎಂದು ಇಟ್ಟುಬಿಟ್ಟಳು.

ಮೇ ತಿಂಗಳ ನಿನ್ನ ಕಾಗದವನ್ನು ಮತ್ತೆ ತೆಗೆದು ನೋಡಿದೆ. ಭುಜ ಬರೆದಿದ್ದೀಯ, ಬಾವುಟ ಬರೆದಿದ್ದೀಯ, ಇದೊಂದನ್ನು ಬಿಟ್ಟಿದ್ದೀಯ. ಎರಡು ತಿಂಗಳು ಅವಳ ಓಟವನ್ನು ನಾನೇ ಕೊಂದೆ ಎಂದು ಒಲೆಯ ಮುಂದೆ ಕೂತು ಅತ್ತೆ, ನಿನ್ನ ಕಾಲು ಹಿಡಿದೆ.

ನನಗೆ ರೂಲು ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಲರ್ಲೀನ್ ಗೇಲ್


ಟೆಕ್ಸಸ್
9 ಆಗಸ್ಟ್ 1992

ಲರ್ಲೀನ್,

ಎರಡಲ್ಲ, ಮೂರು ಸಲ ಓದಿದೆ.

ಆ ಕಾಗದ ಅವಳಿಗಿಂತ ನನಗೇ ಬರೆದದ್ದು ಎಂದು ಅನ್ನಿಸಿತು. ‘ಎಲ್ಲರ ಎದೆ ನಡುಗುತ್ತದೆ.’ ಹೌದು, ನಡುಗಿತ್ತು. ನಿನ್ನ ಮಗಳು ಬಾಗಿಲಲ್ಲಿ ನಿಂತಿದ್ದಳು. ನನ್ನ ಬಾಯಿಂದ ಒಂದು ಮಾತಿಗೆ ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಗೊತ್ತಾಗಿಯೇ ತಾಯಿಯ ಮಾತು ಕೇಳಬೇಕು ಎಂದೆ. ಕಳೆದ ವರ್ಷ ಮಾರ್ಚಿನಲ್ಲಿ ಅವಳು ಶಾಲೆಗಳ ಓಟದಲ್ಲಿ ಓಡುವಾಗಲೇ ಭುಜ ನೋಡಿಯೇ ಯಾರ ಮಗಳು ಎಂದು ತಿಳಿದಿತ್ತು. ಕೇಳುವ ಅಗತ್ಯ ಬೀಳಲಿಲ್ಲ. ನಿನಗೆ ನಗು ಬಂದಿತ್ತಲ್ಲವೇ?

ನೀನು ಅವಳ ಫೋನಿನ ಮಾತು ಬರೆದಿದ್ದೀಯ. ಅದಕ್ಕೆ ಬದಲಾಗಿ ನಿನಗೆ ಗೊತ್ತಿಲ್ಲದ ಒಂದು ಮಾತು ನಾನು ಕೊಡುತ್ತೇನೆ.

ಹೊರಡುವ ದಿನ ಕಾಲೇಜಿನ ಸ್ಪೈಕ್ಸ್ ಬೂಟು ಹಿಂತಿರುಗಿಸಲು ಅವಳು ಮೈದಾನಕ್ಕೆ ಬಂದಳು. ಹುಡುಗಿಯರೆಲ್ಲ ಇದ್ದರು.

“ಕೊನೇ ಸಲ ಕೋಚ್, ಮೂವತ್ತು ಮೀಟರ್” ಎಂದಳು.

“ಯಾಕೆ, ಮರಳಿನ ಮೇಲೆ ಅಷ್ಟೊಂದು ಪ್ರೀತಿನಾ?”

“ಇವತ್ತು ಯಾರು ಎಳೀತಾರೋ ನೋಡೋಣ ಬನ್ನಿ.”

“ಗೆಣಸಿಗೆ ಮೊಳಕೆ ಬಂತು ಕಣ್ರೇ!” ಎಂದು ಹಿಂದಿನಿಂದ ಯಾರೋ ಕೂಗಿದರು.

ಗುಂಡು ಹಾರಿತು. ನಾನು ಮೊದಲನೇ ಹೆಜ್ಜೆ ಇಡುವಾಗಲೇ ಅವಳ ಬೆನ್ನು ಕಂಡಿತು. ಆ ಬೆನ್ನನ್ನು ಒಮ್ಮೆ ಕಿಂಗ್ಸ್‌ಟನ್ನಿನಲ್ಲಿ ನೋಡಿದ್ದೆ. ಇದು ಅದಕ್ಕಿಂತ ಬೇಗ ದೂರವಾಯಿತು. ನಾನು ಎರಡು ಒಲಿಂಪಿಕ್ಸ್‌ಗಳಲ್ಲಿ ಜಗತ್ತಿನ ಹೆಂಗಸರ ಪಕ್ಕದಲ್ಲಿ ನಿಂತವಳು, ನೋಡಿದ್ದನ್ನು ಹೇಳುತ್ತಿದ್ದೇನೆ. ಅಂಥ ಕಾಲನ್ನು ನಾನು ಯಾರಿಗೂ ಕಲಿಸಿಲ್ಲ, ಕಲಿಸಲು ನನ್ನಿಂದ ಆಗುವುದೂ ಇಲ್ಲ.

ಉಸಿರು ಬಂದ ಮೇಲೆ ಕೇಳಿದೆ, “ಇಷ್ಟು ದಿನ ಇದನ್ನ ಎಲ್ಲಿಟ್ಟಿದ್ದೆ?”

“ನಿಮಗೆ ಕೊಡೋಕೆ ಮನಸ್ಸಾಗ್ಲಿಲ್ಲ, ಆಂಟಿ.”

ಸ್ಪೈಕ್ಸ್ ಬಿಚ್ಚಿ, ಮಣ್ಣು ಒರೆಸಿ, ನನ್ನ ಕಾಲ ಬಳಿ ಇಟ್ಟು ಹೋದಳು. ಮರಳನ್ನು ನಾನು ಸಮ ಮಾಡಿದೆ. ಹುಡುಗಿಯರು ಬೇಲಿಗೆ ಒರಗಿ ನಿಂತು ನೋಡಿದರು. ಈಗ ಅವರು ನನ್ನ ಮಾತು ಮೊದಲಿನ ಹಾಗೆ ಕೇಳುವುದಿಲ್ಲ.

ಅವಳ ಜಾಗವನ್ನು ಈ ವರ್ಷ ಯಾರಿಗೂ ಕೊಟ್ಟಿಲ್ಲ. ಎಲ್ಲಿದ್ದಾಳೆಂದು ಗೊತ್ತಾದರೆ ತಿಳಿಸು. ತಾಯಿಗೆ ವಿಳಾಸ ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತದೆ.

ಫೋಟೋ ಕೇಳಿದ್ದೆಯಲ್ಲ. ಮೇ ತಿಂಗಳ ಓಟದಲ್ಲಿ ಇಲ್ಲಿನ ಪತ್ರಿಕೆಯವನು ತೆಗೆದದ್ದು ಇದೊಂದೇ. ಜೊತೆಗಿಟ್ಟಿದ್ದೇನೆ.

ಕಾರ್ಮಿ


ಆಲ್ಬರ್ಟ್ ಟೌನ್
30 ಆಗಸ್ಟ್ 1992

ಕಾರ್ಮಿ,

ವಿಳಾಸ ನನಗೂ ಗೊತ್ತಿಲ್ಲ. ಫೋನು ಮತ್ತೆ ಬಂದಿಲ್ಲ. ಗೊತ್ತಾದರೂ ನಿನಗೆ ಹೇಳುವುದಿಲ್ಲ. ನಿನಗೆ ಗೊತ್ತಾದರೆ ನನಗೂ ಹೇಳಬೇಡ ಎಂದು ಬರೆಯುವಷ್ಟು ಒಳ್ಳೆಯವಳು ನಾನಲ್ಲ.

ಫೋಟೋ ಬಂತು, ಮೊಳೆಗೆ ಹಾಕಿದೆ. ನಾಲ್ಕನೇ ಸಾಲಿನಲ್ಲಿ ಒಬ್ಬಳೇ ನಿಂತಿದ್ದಾಳೆ. ಬಾವುಟದವನ ಕೈ ಫೋಟೋದಲ್ಲಿ ಅರ್ಧ ಮಾತ್ರ ಸಿಕ್ಕಿದೆ. ಬಾವುಟ ಕೆಂಪೆಂದು ಕಪ್ಪುಬಿಳುಪಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಎಲ್ಲ ಹಲ್ಲೂ ಕಾಣುವಂತೆ ನಗುತ್ತಿದ್ದಾಳೆ. ಪಕ್ಕದಲ್ಲಿರುವ ನನ್ನ ಫೋಟೋದಲ್ಲಿ, ಗೆದ್ದ ದಿನವೂ ನಾನು ಹಾಗೆ ನಕ್ಕಿಲ್ಲ.

ಮಿಸ್ ಪ್ಯಾನ್ಸಿ ಈಗ ಹಳೆಯ ಕಥೆ ಹೇಳುವುದನ್ನು ಬಿಟ್ಟಿದ್ದಾಳೆ. ಆದರೂ ಹೊಸಬರು ಬಂದರೆ ಗೋಡೆ ನೋಡಿ ನನ್ನನ್ನೇ ಕೇಳುತ್ತಾರೆ, “ಯಾವ ಓಟ ಗೆದ್ದಿದ್ದಮ್ಮಾ ನಿನ್ನ ಮಗಳು?”

ನಾನು ಸೂಪು ಬಡಿಸುತ್ತೇನೆ.

ಲರ್ಲೀನ್